ಕೂಸಿನ ತಟ್ಟೆಗೆ ಯಾವ ಪಲ್ಯ?

ಮಗಳಿಗೆ ಯಾವ ತರಕಾರಿ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನೆಂಟರು ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು, ಪಲ್ಯ ಯಾವುದೇ ಇರಲಿ, ಊಟ ತಡವಾಗಬಾರದು ಎಂದು. ಅವಳಿಗಿರುವುದು ಮೈಟೊಕಾಂಡ್ರಿಯಾ ಕಾಯಿಲೆ. ತಿಂದ ಅನ್ನವನ್ನು ಶಕ್ತಿಯಾಗಿ ಬದಲಿಸುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾಗಳ ಕೆಲಸ. ಅದು ಕುಂಟಿದರೆ ಹೆಚ್ಚು ಶಕ್ತಿ ಬೇಡುವ ಮಿದುಳು, ಸ್ನಾಯು, ಹೃದಯ, ಕಣ್ಣು, ಕಿವಿಗಳು ಮೊದಲು ಸೋಲುತ್ತವೆ. ಅಂದಾಜು 5,000 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ. ಮೈಟೊಕಾಂಡ್ರಿಯಾದೊಳಗೇ ಇರುವ 37 ಜೀನ್‌ಗಳು ತಾಯಿಯಿಂದ ಬರುತ್ತವೆ, ನಿಜ. ಆದರೆ ಕಾಯಿಲೆ ತರಬಲ್ಲ ಇನ್ನೂ ನೂರಾರು ಜೀನ್‌ಗಳು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ‘ನಿನ್ನ ಕಡೆಯಿಂದ ಬಂದದ್ದು’ ಎಂದು ಹೆತ್ತವಳನ್ನು ನೋಯಿಸುವವರು ಇದನ್ನು ತಿಳಿಯಬೇಕು.

ನಮ್ಮ ಮನೆ ಸಿದ್ದಾಪುರದ ಕಡೆ, ನನ್ನ ತವರು ಯಲ್ಲಾಪುರದ ಕಡೆ, ಪೇಟೆ ಕೆಲಸಕ್ಕೆಲ್ಲ ಶಿರಸಿ. ಹಿತ್ತಲಲ್ಲಿ ಬಸಳೆ, ಹರಿವೆ, ಒಂದೆಲಗ, ಕೆಸ, ತೋಟದಲ್ಲಿ ಬಾಳೆ. ಸೊಪ್ಪಿಗೆ ಕೊರತೆಯಿಲ್ಲ. ಆದರೆ ಬರೀ ಸೊಪ್ಪಿನಲ್ಲಿ ಶಕ್ತಿ ಕಡಿಮೆ, ಹೊಟ್ಟೆ ಮಾತ್ರ ಬೇಗ ತುಂಬುತ್ತದೆ. ನಾಲ್ಕು ತುತ್ತಿಗೇ ಸಾಕು ಎನ್ನುವ ಮಗುವಿಗೆ ತಟ್ಟೆ ತುಂಬ ಹರಿವೆ ಪಲ್ಯ ಬಡಿಸಿದರೆ ಅನ್ನಕ್ಕೆ ಜಾಗ ಉಳಿಯುವುದಿಲ್ಲ. ಅದಕ್ಕೇ ಮೊದಲು ತುಪ್ಪ ಹಾಕಿದ ಅನ್ನ, ಪಕ್ಕದಲ್ಲಿ ಒಂದೆರಡು ಚಮಚ ಪಲ್ಯ. ಎರಡು ಮೂರು ತಾಸಿಗೊಮ್ಮೆ ಏನಾದರೂ ತಿನ್ನಿಸುತ್ತೇನೆ.

ಈ ಕಾಯಿಲೆಯವರಲ್ಲಿ ಅನೇಕರಿಗೆ ಕರುಳಿನ ಚಲನೆ ನಿಧಾನ, ಮಲಬದ್ಧತೆ ಬಿಡದು. ನಾರು ಬೇಕು ಎಂದು ಬಾಳೆದಿಂಡು ತಿನ್ನಿಸುವವರಿದ್ದಾರೆ. ಜಠರವೇ ನಿಧಾನವಾಗಿರುವವರಿಗೆ ಇಂಥ ಒರಟು ನಾರು ಭಾರ. ಸಿಪ್ಪೆ ಬೀಜ ತೆಗೆದು ಮೆತ್ತಗೆ ಬೇಯಿಸಿದ ಮೊಗೆಕಾಯಿ, ಪಡವಲ, ಹೀರೆ, ಸಿಹಿಗುಂಬಳ ನನ್ನ ಮಗಳಿಗೆ ಒಗ್ಗಿವೆ. ಜೊತೆಗೆ ನೀರು ಸಾಕಷ್ಟು ಬೇಕು.

ನಮ್ಮ ತಂಬುಳಿಗಳ ಬಗ್ಗೆ ನನಗೆ ತುಂಬ ಅಭಿಮಾನ. ಎಲೆಯನ್ನು ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ ಮಜ್ಜಿಗೆ ಸೇರಿಸಿದರೆ ಅಗಿಯುವ ಶ್ರಮವೇ ಇಲ್ಲ. ಆದರೆ ಗಂಟಲಿನ ಸ್ನಾಯು ಸೋತವರಿಗೆ ನೀರಾದ ಪದಾರ್ಥವೇ ಅಪಾಯ. ಅದು ಶ್ವಾಸನಾಳಕ್ಕೆ ಜಾರಬಹುದು. ನುಂಗುವಾಗ ಕೆಮ್ಮು ಬಂದರೆ ನುಂಗುವಿಕೆಯನ್ನು ಪರೀಕ್ಷಿಸುವ ತಜ್ಞರಿಗೆ ತೋರಿಸಬೇಕು. ನಾನೀಗ ತಂಬುಳಿಯನ್ನು ಗೊಜ್ಜಿನಷ್ಟು ಮಂದ ಮಾಡುತ್ತೇನೆ. ಒಂದೆಲಗ ತಿಂದರೆ ಕಾಯಿಲೆಯೇ ವಾಸಿ ಎನ್ನುವವರ ಮಾತು ನಂಬಬೇಡಿ. ತಂಬುಳಿಯ ನಾಲ್ಕು ಎಲೆ ಊಟದ ಭಾಗ. ಅದರ ಮಾತ್ರೆ ಬೇರೆ ಸಂಗತಿ. ಮಾತ್ರೆ ತೆಗೆದುಕೊಂಡ ಕೆಲವರ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ.

ನಾನು ಅತ್ಯಂತ ಎಚ್ಚರದಿಂದ ಇರುವುದು ಕಳಲೆಯ ವಿಷಯದಲ್ಲಿ. ಮಳೆಗಾಲ ಬಂತೆಂದರೆ ತವರಿನಿಂದ ಕಳಲೆ ಬರುತ್ತದೆ. ಹಸಿ ಕಳಲೆಯಲ್ಲೂ ಮರಗೆಣಸಿನಲ್ಲೂ ಸೈನೈಡ್ ಬಿಡುವ ಅಂಶವಿದೆ. ಸೈನೈಡ್ ತಡೆಯುವುದು ಮೈಟೊಕಾಂಡ್ರಿಯಾ ಆಮ್ಲಜನಕವನ್ನು ಬಳಸುವ ಹಂತವನ್ನೇ. ಆಫ್ರಿಕಾದಲ್ಲಿ ಕಹಿ ಮರಗೆಣಸನ್ನು ಸರಿಯಾಗಿ ಹದಗೊಳಿಸದೆ ತಿಂದವರ ಕಾಲುಗಳೇ ಬಿದ್ದುಹೋಗುವ ‘ಕೊಂಜೊ’ ಎಂಬ ಕಾಯಿಲೆ ಇದೆ. ಕಳಲೆಯನ್ನು ಸಣ್ಣಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸುವ ನಮ್ಮ ಅಜ್ಜಿಯಂದಿರ ಕ್ರಮ ಎಷ್ಟು ವಿವೇಕದ್ದು! ಆಮೇಲೆ ಮುಚ್ಚಳ ತೆರೆದು ಚೆನ್ನಾಗಿ ಕುದಿಸಿ ಆ ನೀರು ಚೆಲ್ಲಬೇಕು. ಉಳಿದವರು ಹೀಗೆ ಮಾಡಿ ಖುಷಿಯಿಂದ ತಿನ್ನಲಿ. ನನ್ನ ಮಗಳ ತಟ್ಟೆಗೆ ಮಾತ್ರ ನಾನು ಕಳಲೆ ಬಡಿಸುವುದಿಲ್ಲ.

ಬಾಳೆಕಾಯಿ, ಸುವರ್ಣಗೆಡ್ಡೆಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಈ ಕಾಯಿಲೆಯಲ್ಲಿ ಕೆಲವರ ಮೂತ್ರಪಿಂಡ ಲವಣಗಳನ್ನು ಸೋರಿಸುತ್ತದೆ, ಕೆಲವರದು ಹಿಡಿದಿಡುತ್ತದೆ. ರಕ್ತಪರೀಕ್ಷೆ ನೋಡಿ ವೈದ್ಯರೇ ಹೇಳಬೇಕು. ಉಪ್ಪುಸೊಳೆಯನ್ನಂತೂ ಚೆನ್ನಾಗಿ ನೆನೆಸಿ ಉಪ್ಪು ಬಿಡಿಸಿಯೇ ಬಳಸಿ.

ನಮ್ಮಲ್ಲಿ ತರಕಾರಿಗಿಂತ ದೊಡ್ಡ ತೊಡಕು ಉಪವಾಸ. ಏಕಾದಶಿ, ಸಂಕಷ್ಟಿ ಇರಲಿ, ತಿಥಿಯ ದಿನ ಎಲೆ ಹಾಕುವಾಗಲೇ ಮಧ್ಯಾಹ್ನ ಎರಡು ದಾಟಿರುತ್ತದೆ. ಅಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿರುವುದು ಈ ಮಕ್ಕಳಿಗೆ ನಿಜವಾದ ಅಪಾಯ. ಮಾವನವರ ತಿಥಿಯ ದಿನ ನಾನು ಹಿಂಜರಿಯುತ್ತ ನಿಂತಾಗ ಅತ್ತೆಯೇ ಅಂದರು, “ಕೂಸಿಗೆ ಮೊದ್ಲು ಬಡ್ಸು, ದೋಷ ಎಂತೂ ಬತ್ತಿಲ್ಲೆ.” ಎಲ್ಲ ಮನೆಗಳಲ್ಲೂ ಹಿರಿಯರು ಇಷ್ಟು ಹೇಳಿದರೆ ಸಾಕು.

ಬೆಂಗಳೂರಿನ ನಿಮ್ಹಾನ್ಸ್ ಮತ್ತು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಗಳ ತಜ್ಞರು ಈ ಕಾಯಿಲೆಯನ್ನು ಜೊತೆಯಾಗಿ ಅಧ್ಯಯನ ಮಾಡಿದ್ದಾರೆ. ಹಳ್ಳಿಯಲ್ಲಿರುವ ನಾವು ಮಾಡಬೇಕಾದ ಒಂದು ಕೆಲಸವಿದೆ. ತುರ್ತಿನಲ್ಲಿ ಯಾವ ಡ್ರಿಪ್ ಹಾಕಬೇಕು, ಯಾವ ಔಷಧ ಕೊಡಬಾರದು ಎಂದು ನಿಮ್ಮ ವೈದ್ಯರಿಂದ ಚೀಟಿ ಬರೆಸಿಟ್ಟುಕೊಳ್ಳಿ. ಜ್ವರವೋ ವಾಂತಿಯೋ ಬಂದು ಊಟ ನಿಂತರೆ ಕಷಾಯ ಮಾಡುತ್ತ ಕೂರಬೇಡಿ. ಆ ಚೀಟಿ ಹಿಡಿದು ಕೂಡಲೇ ಹತ್ತಿರದ ಆಸ್ಪತ್ರೆಗೆ ಹೊರಡಿ.