ಕ್ಯುನಾರ್ಡ್ ಯಾಂಕ್‌ಗಳು

ಕ್ಯುನಾರ್ಡ್ ಯಾಂಕ್‌ಗಳು ಎಂಬುದು ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನ ಕ್ಯುನಾರ್ಡ್ ಕಂಪನಿಯ ಪ್ರಯಾಣಿಕ ಹಡಗುಗಳಲ್ಲಿ ದುಡಿಯುತ್ತಿದ್ದ ಲಿವರ್‌ಪೂಲ್ ನಗರದ ಯುವ ಸಿಬ್ಬಂದಿಗೆ ಬಂದ ಅಡ್ಡಹೆಸರು. 1940ರ ದಶಕದ ಕೊನೆಯಿಂದ 1960ರ ದಶಕದವರೆಗೆ ಇವರು ನ್ಯೂಯಾರ್ಕ್‌ನಿಂದ ಅಮೆರಿಕದ ಉಡುಪು, ಧ್ವನಿಮುದ್ರಿಕೆ ಮತ್ತು ಗೃಹೋಪಯೋಗಿ ವಸ್ತುಗಳನ್ನು ಊರಿಗೆ ತರುತ್ತಿದ್ದರು. ‘ಯಾಂಕ್’ ಎಂಬುದು ಅಮೆರಿಕನ್ನರನ್ನು ಸೂಚಿಸುವ ಆಡುಮಾತು. ಲಿವರ್‌ಪೂಲ್‌ನ ಸಂಗೀತದ ಮೇಲೆ ಇವರು ಬೀರಿದ ಪ್ರಭಾವದ ಪ್ರಮಾಣವು ಇಂದಿಗೂ ಚರ್ಚೆಯ ವಿಷಯವಾಗಿದೆ.

ಹಿನ್ನೆಲೆ

ಯುದ್ಧಾನಂತರದ ಬ್ರಿಟನ್ನಿನಲ್ಲಿ ವಸ್ತುಗಳ ಅಭಾವ ತೀವ್ರವಾಗಿತ್ತು. ಬಟ್ಟೆಯ ಪಡಿತರ 1949ರಲ್ಲಿ ಕೊನೆಗೊಂಡರೂ ಆಹಾರದ ಪಡಿತರ 1954ರವರೆಗೆ ಮುಂದುವರಿಯಿತು. ಡಾಲರಿನ ಕೊರತೆಯಿಂದ ಸರ್ಕಾರವು ಅಮೆರಿಕದ ಸರಕುಗಳ ಆಮದನ್ನು ನಿರ್ಬಂಧಿಸಿತ್ತು. ಆದ್ದರಿಂದ ನ್ಯೂಯಾರ್ಕ್‌ನ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತಿದ್ದ ಅನೇಕ ವಸ್ತುಗಳು ಲಿವರ್‌ಪೂಲ್‌ನ ಸಾಮಾನ್ಯ ಕುಟುಂಬಗಳಿಗೆ ಎಟುಕುತ್ತಿರಲಿಲ್ಲ.

ಬ್ರಿಟಾನಿಕ್, ಮೀಡಿಯಾ ಮತ್ತು ಪಾರ್ಥಿಯಾ ಹಡಗುಗಳು ಲಿವರ್‌ಪೂಲ್ ಮತ್ತು ನ್ಯೂಯಾರ್ಕ್ ನಡುವೆ ಸಂಚರಿಸುತ್ತಿದ್ದವು. ಕ್ವೀನ್ ಮೇರಿ ಮತ್ತು ಕ್ವೀನ್ ಎಲಿಜಬೆತ್ ಹಡಗುಗಳು ಸೌತಾಂಪ್ಟನ್‌ನಿಂದ ಹೊರಡುತ್ತಿದ್ದರೂ ಅವುಗಳಲ್ಲಿಯೂ ಲಿವರ್‌ಪೂಲ್‌ನವರು ಕೆಲಸಕ್ಕಿದ್ದರು. ಊಟದ ಸಾಲೆಯ ಪರಿಚಾರಕರು, ಕೋಣೆಗಳ ಪರಿಚಾರಕರು ಮತ್ತು ಅಡುಗೆಯವರಿಗೆ ದುಡಿಮೆಯ ಅವಧಿ ದೀರ್ಘವಾಗಿತ್ತು. ಪ್ರಯಾಣಿಕರೊಂದಿಗೆ ನೇರ ಸಂಪರ್ಕವಿದ್ದ ಪರಿಚಾರಕರಿಗೆ ಸಂಬಳದ ಜೊತೆಗೆ ಭಕ್ಷೀಸೂ ದೊರೆಯುತ್ತಿತ್ತು. ಹಡಗು ನ್ಯೂಯಾರ್ಕ್ ಬಂದರಿನಲ್ಲಿ ತಂಗಿದಾಗ ದೊರೆಯುವ ಬಿಡುವಿನಲ್ಲಿ ಅವರು ಆ ಹಣವನ್ನು ಖರೀದಿಗೆ ಬಳಸುತ್ತಿದ್ದರು.

ಉಡುಪು ಮತ್ತು ಗೃಹವಸ್ತುಗಳು

ಅಮೆರಿಕನ್ ಶೈಲಿಯ ಸೂಟು, ಬಣ್ಣದ ಟೈ, ಅಂಗಿ ಮತ್ತು ಜೀನ್ಸ್‌ಗಳು ಈ ಯುವಕರನ್ನು ನಗರದ ಇತರರಿಂದ ಪ್ರತ್ಯೇಕಿಸುತ್ತಿದ್ದವು. ಊರಿಗೆ ಮರಳಿದವರ ಉಡುಪನ್ನು ನೋಡಿಯೇ ನೆರೆಹೊರೆಯವರು ಅವರನ್ನು ‘ಯಾಂಕ್’ ಎಂದು ಕರೆದರು. ಕುಟುಂಬದವರಿಗಾಗಿ ವಿದ್ಯುತ್ ಉಪಕರಣಗಳನ್ನು ತಂದವರೂ ಇದ್ದರು. ಅಮೆರಿಕದ ಉಪಕರಣಗಳು ಸುಮಾರು 110 ವೋಲ್ಟ್‌ಗೆ ರೂಪುಗೊಂಡಿದ್ದು, ಬ್ರಿಟನ್ನಿನ ಮನೆಗಳ ಪೂರೈಕೆ ಅದರ ಎರಡರಷ್ಟಿದ್ದುದರಿಂದ, ಅವುಗಳನ್ನು ಬಳಸಲು ಟ್ರಾನ್ಸ್‌ಫಾರ್ಮರ್ ಬೇಕಾಗುತ್ತಿತ್ತು.

ಸಂಗೀತ

ಹಡಗಿನವರು ತಂದ ರಿದಮ್ ಆ್ಯಂಡ್ ಬ್ಲೂಸ್, ಜಾಝ್ ಮತ್ತು ಕಂಟ್ರಿ ಧ್ವನಿಮುದ್ರಿಕೆಗಳು ಮನೆಯವರು ಮತ್ತು ಗೆಳೆಯರ ನಡುವೆ ಕೈಬದಲಾಗುತ್ತಿದ್ದವು. ಈ ರೂಢಿ ಯುದ್ಧಕ್ಕಿಂತ ಹಳೆಯದು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್‌ರ ತಂದೆ ಹಿಂದೆ ವೈಟ್ ಸ್ಟಾರ್ ಕಂಪನಿಯ ಹಡಗಿನಲ್ಲಿ ಪರಿಚಾರಕರಾಗಿದ್ದು, ಅಮೆರಿಕದಿಂದ ಜಿಮ್ಮಿ ರಾಜರ್ಸ್‌ರ ಧ್ವನಿಮುದ್ರಿಕೆಗಳನ್ನು ಮನೆಗೆ ತಂದಿದ್ದರು.

ವಾದ್ಯಗಳ ವಿಷಯದಲ್ಲಿ ಹಡಗಿನವರ ಪಾತ್ರ ಇನ್ನೂ ಸ್ಪಷ್ಟವಾಗಿದೆ. ಅಮೆರಿಕನ್ ಗಿಟಾರ್‌ಗಳ ಆಮದಿನ ಮೇಲಿನ ನಿರ್ಬಂಧ 1959ರವರೆಗೆ ಜಾರಿಯಲ್ಲಿತ್ತು. ಲಿವರ್‌ಪೂಲ್‌ನ ಒಬ್ಬ ನಾವಿಕ ನ್ಯೂಯಾರ್ಕ್‌ನಲ್ಲಿ ಕೊಂಡಿದ್ದ 1957ರ ಗ್ರೆಟ್ಶ್ ಡುಯೊ ಜೆಟ್ ಗಿಟಾರನ್ನು ಹ್ಯಾರಿಸನ್ 1961ರಲ್ಲಿ ಆತನಿಂದ ಖರೀದಿಸಿ, ಬೀಟಲ್ಸ್‌ನ ಆರಂಭಿಕ ಧ್ವನಿಮುದ್ರಣಗಳಲ್ಲಿ ನುಡಿಸಿದರು. 1987ರ ‘ಕ್ಲೌಡ್ ನೈನ್’ ಆಲ್ಬಮ್‌ನ ಮುಖಪುಟದಲ್ಲಿ ಅದೇ ಗಿಟಾರ್ ಕಾಣಿಸುತ್ತದೆ.

ಪ್ರಭಾವದ ಕುರಿತ ಚರ್ಚೆ

ಬೇರೆಲ್ಲೂ ಸಿಗದ ಅಮೆರಿಕನ್ ಹಾಡುಗಳನ್ನು ನಾವಿಕರು ತಂದುದರಿಂದಲೇ 1960ರ ದಶಕದ ಮರ್ಸಿ ಬೀಟ್ ಸಂಗೀತ ಹುಟ್ಟಿತೆಂಬ ನಂಬಿಕೆ ವ್ಯಾಪಕವಾಗಿದೆ. ‘ಮರ್ಸಿ ಬೀಟ್’ ಪತ್ರಿಕೆಯ ಸ್ಥಾಪಕ ಬಿಲ್ ಹ್ಯಾರಿ ಮತ್ತು ಲೇಖಕ ಸ್ಪೆನ್ಸರ್ ಲೀ ಇದನ್ನು ಒಪ್ಪುವುದಿಲ್ಲ. ಸ್ಥಳೀಯ ತಂಡಗಳು ಹಾಡುತ್ತಿದ್ದ ಬಹುತೇಕ ಗೀತೆಗಳು ಬ್ರಿಟನ್ನಿನಲ್ಲಿಯೇ ಬಿಡುಗಡೆಯಾಗಿದ್ದವು ಎಂಬುದು ಅವರ ವಾದ. ಉದಾಹರಣೆಗೆ, ಬೀಟಲ್ಸ್ 1963ರಲ್ಲಿ ಧ್ವನಿಮುದ್ರಿಸಿದ ‘ಮನಿ’ ಗೀತೆಯ ಬ್ಯಾರೆಟ್ ಸ್ಟ್ರಾಂಗ್ ಆವೃತ್ತಿಯನ್ನು ಲಂಡನ್ ಸಂಸ್ಥೆಯು 1960ರಲ್ಲಿಯೇ ಬ್ರಿಟನ್ನಿನಲ್ಲಿ ಹೊರತಂದಿತ್ತು. ಬ್ರಯಾನ್ ಎಪ್‌ಸ್ಟೈನ್ ನಡೆಸುತ್ತಿದ್ದ ನೆಮ್ಸ್ ಅಂಗಡಿಯಲ್ಲಿ ಇಂಥ ಧ್ವನಿಮುದ್ರಿಕೆಗಳು ದೊರೆಯುತ್ತಿದ್ದವು.

ಈ ಆಕ್ಷೇಪವು ಹಾಡುಗಳ ಮೂಲಕ್ಕೆ ಸಂಬಂಧಿಸಿದ್ದು, ಉಡುಪು, ವಾದ್ಯ ಮತ್ತು ಮನೆಯ ವಸ್ತುಗಳ ಮೂಲಕ ನಗರದ ದುಡಿಯುವ ವರ್ಗಕ್ಕೆ ಉಂಟಾದ ಅಮೆರಿಕದ ಪರಿಚಯವನ್ನು ಅಲ್ಲಗಳೆಯುವುದಿಲ್ಲ.

ಅವನತಿ

1958ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳ ಪ್ರಯಾಣಿಕ ಸೇವೆ ಆರಂಭವಾಯಿತು. ಹಡಗುಗಳಿಗೆ ಪ್ರಯಾಣಿಕರ ಸಂಖ್ಯೆ ಕುಸಿದು, ಬ್ರಿಟಾನಿಕ್ 1960ರಲ್ಲಿಯೂ ಕ್ವೀನ್ ಮೇರಿ 1967ರಲ್ಲಿಯೂ ಸೇವೆಯಿಂದ ನಿವೃತ್ತವಾದವು. ಲಿವರ್‌ಪೂಲ್‌ನಿಂದ ಕ್ಯುನಾರ್ಡ್‌ನ ನಿಯತ ಪ್ರಯಾಣಿಕ ಸಂಚಾರವು 1960ರ ದಶಕದ ಉತ್ತರಾರ್ಧದಲ್ಲಿ ಮುಗಿಯುವುದರೊಂದಿಗೆ ಈ ನಾವಿಕರ ನ್ಯೂಯಾರ್ಕ್ ಸಂಪರ್ಕವೂ ಕೊನೆಗೊಂಡಿತು.