ದೂರದ ಹಳ್ಳಿಯ ಶಾಲೆಗಳಲ್ಲಿ ಬೋಧನೆಯ ತೊಡಕುಗಳು

ಹಳ್ಳಿಯ ಶಾಲೆಗಳ ಕೊರತೆಗಳನ್ನು ಎಣಿಸುವಾಗ ಮೊದಲು ಬರುವುದು ಕಟ್ಟಡದ ಮಾತು. ಸೋರುವ ಮಾಡು, ಬಿರುಕುಬಿಟ್ಟ ಗೋಡೆ ಎಲ್ಲರ ಕಣ್ಣಿಗೂ ಬೀಳುತ್ತವೆ. ದಾನಿಗಳ ಔದಾರ್ಯದಿಂದ ಅವು ನೀಗುವುದೂ ಉಂಟು. ಆದರೆ ಗುಡ್ಡದ ಮರೆಯ, ಕಾಡಿನಂಚಿನ ಕುಗ್ರಾಮಗಳಲ್ಲಿ ಕಣ್ಣಿಗೆ ಕಾಣದ ತೊಡಕೊಂದಿದೆ. ಉಪಾಧ್ಯಾಯರು ಒಬ್ಬರು, ತರಗತಿಗಳು ಐದು. ಉಳಿದ ಕಷ್ಟಗಳು ಬಹುಮಟ್ಟಿಗೆ ಇದರ ಸುತ್ತಲೇ ಬೆಳೆಯುತ್ತವೆ.

2009ರ ಶಿಕ್ಷಣ ಹಕ್ಕು ಕಾಯಿದೆಯು ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆಯನ್ನು ವಿಧಿಸಿದೆ. ಒಬ್ಬರೇ ಉಪಾಧ್ಯಾಯರು ಅದನ್ನು ಐದು ತರಗತಿಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ ದೊರೆಯುವುದು 160 ಗಂಟೆ. ಉಳಿದ 640 ಗಂಟೆಗಳಲ್ಲಿ ಮಗುವು ಗುರುವಿನ ಎದುರಿಗಿದ್ದೂ ಗುರುವಿಲ್ಲದಂತೆಯೇ ಕುಳಿತಿರುತ್ತದೆ. ಈ ಕೊರತೆಯನ್ನು ಮನಗಂಡೇ 1987ರಲ್ಲಿ ಆರಂಭವಾದ ಆಪರೇಷನ್ ಬ್ಲಾಕ್‌ಬೋರ್ಡ್ ಯೋಜನೆಯು ಪ್ರತಿ ಪ್ರಾಥಮಿಕ ಶಾಲೆಗೂ ಎರಡು ಕೊಠಡಿ, ಇಬ್ಬರು ಉಪಾಧ್ಯಾಯರು ಇರಬೇಕೆಂದಿತು. 60 ಮಕ್ಕಳವರೆಗಿನ ಶಾಲೆಗೆ ಇಬ್ಬರು ಬೇಕೆಂಬುದು ಮೇಲ್ಕಂಡ ಕಾಯಿದೆಯ ನಿಯಮವೂ ಹೌದು. ಆದರೆ ಇಬ್ಬರಿದ್ದೆಡೆಯಲ್ಲಿಯೂ ಒಬ್ಬರು ಸಭೆಗೋ ತರಬೇತಿಗೋ ತಾಲ್ಲೂಕು ಕೇಂದ್ರಕ್ಕೆ ಹೊರಟ ದಿನ ಅದು ಮತ್ತೆ ಏಕೋಪಾಧ್ಯಾಯ ಶಾಲೆಯೇ.

ದೂರವು ಈ ಕಷ್ಟವನ್ನು ಇಮ್ಮಡಿಗೊಳಿಸುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ಹಳ್ಳ ತುಂಬಿ ಕಾಲುಸಂಕ ಮುಳುಗಿದರೆ ಮಕ್ಕಳೂ ಬರಲಾರರು, ಉಪಾಧ್ಯಾಯರೂ ಬರಲಾರರು. ಬಯಲುಸೀಮೆಯ ತಾಂಡಾಗಳಲ್ಲಿ ಸುಗ್ಗಿಯ ಹೊತ್ತಿಗೆ ತಾಯಿತಂದೆಯರು ಕಬ್ಬಿನ ಕಟಾವಿಗೆಂದು ಗುಳೆ ಹೊರಟರೆ ಮಕ್ಕಳೂ ಜೊತೆಯಲ್ಲಿ ಹೊರಡುತ್ತಾರೆ. ಹಿಂದಿರುಗುವ ವೇಳೆಗೆ ಪಾಠವು ಬಹುದೂರ ಸಾಗಿರುತ್ತದೆ. ಊರಿನಲ್ಲಿ ವಾಸಯೋಗ್ಯವಾದ ಮನೆ ದೊರೆಯದ ಉಪಾಧ್ಯಾಯರು ದಿನದ ಒಂದೇ ಬಸ್ಸನ್ನು ನಂಬಿ ಬಂದುಹೋಗುವರು. ಬಸ್ಸಿನ ವೇಳೆಯೇ ಶಾಲೆಯ ವೇಳೆಯಾಗುವುದು.

ಇನ್ನೊಂದು ತೊಡಕು ಭಾಷೆಯದು. ಲಂಬಾಣಿ ಮಗುವಿಗೆ ಮನೆಯಲ್ಲಿ ನೀರು ‘ಪಾಣಿ’. ಆ ನುಡಿಯು ರಾಜಸ್ಥಾನದ ಕಡೆಯ ನುಡಿಗಳ ಬಳಗಕ್ಕೆ ಸೇರಿದ್ದು. ಆದಕಾರಣ ಕನ್ನಡ ಪುಸ್ತಕವು ಆ ಮಗುವಿಗೆ ಲಿಪಿ, ಭಾಷೆಗಳೆರಡನ್ನೂ ಒಟ್ಟಿಗೇ ಕಲಿಸಬೇಕಾಗುತ್ತದೆ. ಕನ್ನಡವೇ ಮನೆಮಾತಾಗಿರುವ ಮಗುವಿಗೂ ಪುಸ್ತಕದ ಕನ್ನಡ ಹೊಸತೇ. ‘ಹೊಕ್ಕೀನಿ’ ಎನ್ನುವ ಮಗುವಿಗೆ ‘ಹೋಗುತ್ತೇನೆ’ ಎಂಬುದನ್ನು ಕಲಿಸುವುದು ಅವಶ್ಯವೇ. ಆದರೆ ಅದರ ಮಾತು ತಪ್ಪೆಂದು ಗದರಿಸಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಮಗುವಿನ ಮಾತನ್ನು ಕೇಳಿಸಿಕೊಂಡು ಅಲ್ಲಿಂದ ಗ್ರಂಥಭಾಷೆಯತ್ತ ಕೈಹಿಡಿದು ನಡೆಸಲು ವ್ಯವಧಾನ ಬೇಕು. ಐದು ತರಗತಿಗಳ ನಡುವೆ ಇಲ್ಲದಿರುವುದೇ ಆ ವ್ಯವಧಾನ.

ಇದಕ್ಕೊಂದು ಪರಿಹಾರದ ದಾರಿ ಮೂಡಿದ್ದು ಕಾಡಿನಂಚಿನ ಶಾಲೆಗಳಿಂದಲೇ ಎಂಬುದು ಗಮನಾರ್ಹ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ಮದನಪಲ್ಲಿ ಸಮೀಪದ ಋಷಿವ್ಯಾಲಿಯ ಗ್ರಾಮಶಾಲೆಗಳ ಕ್ರಮವನ್ನು ಕಂಡು ಬಂದು 1995ರಲ್ಲಿ ಆರಂಭಿಸಿದ ಪ್ರಯೋಗವೇ ‘ನಲಿಕಲಿ’. ಅಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಗುಂಪುಗೂಡಿ ಕುಳಿತು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಒಂದು ಗುಂಪಿಗೆ ಗುರುವಿನ ಪೂರ್ಣ ನೆರವು, ಇನ್ನೊಂದಕ್ಕೆ ಜೊತೆಗಾರರ ನೆರವು, ಮತ್ತೊಂದಕ್ಕೆ ಸ್ವಂತ ಅಭ್ಯಾಸ. ಗುಳೆಯಿಂದ ಮರಳಿದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಅಕ್ಷರಗಳ ಅನುಕ್ರಮವೂ ಬೇರೆ: ಮೊದಲು ರ, ಗ, ಸ, ದ, ಅ. ವರ್ಣಮಾಲೆಯ ಶಾಸ್ತ್ರೀಯ ಕ್ರಮದಲ್ಲಿ ಕಲಿತವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಈ ಐದೇ ಅಕ್ಷರಗಳಿಂದ ಮಗುವು ಸರ, ಅರಸ, ಅಗಸ, ಗರಗಸ ಎಂದು ತಾನೇ ಓದಬಲ್ಲದು. ಓದಿದ್ದಕ್ಕೆ ಅರ್ಥವುಂಟೆಂಬುದು ಆರಂಭದಲ್ಲಿಯೇ ಅದಕ್ಕೆ ಮನವರಿಕೆಯಾಗುತ್ತದೆ. 2009–10ರಲ್ಲಿ ಈ ಕ್ರಮವನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆ ವಿಸ್ತರಿಸಲಾಯಿತು.

ವಿಚಾರಿಸಿ ನೋಡಿದರೆ ಇದರ ತಿರುಳು ನಮ್ಮ ನಾಡಿಗೆ ಹೊಸದಲ್ಲ. ಹಿಂದಿನ ಕೂಲಿಮಠಗಳಲ್ಲಿ ಐಗಳು ಒಬ್ಬರೇ ಇದ್ದು, ಹಿರಿಯ ಹುಡುಗರು ಕಿರಿಯರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಇಂತಹದೇ ದೇಶೀಯ ಶಾಲೆಯೊಂದನ್ನು ಮದ್ರಾಸಿನಲ್ಲಿ ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿಯು ಅದರಿಂದ ಪ್ರೇರಿತನಾಗಿ ರೂಪಿಸಿದ ಕ್ರಮವನ್ನು 1797ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಅದು ಇಂಗ್ಲೆಂಡಿನಲ್ಲಿ ಮದ್ರಾಸ್ ಪದ್ಧತಿಯೆಂದು ಹೆಸರಾಯಿತು.

ಆದರೆ ಯಾವ ಪದ್ಧತಿಯೂ ಗುರುವಿನ ಸ್ಥಾನವನ್ನು ತುಂಬಲಾರದು. ಕಾರ್ಡುಗಳು ಹರಿಯುತ್ತವೆ, ಕಳೆಯುತ್ತವೆ; ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಬಲ್ಲವರು ಆ ಉಪಾಧ್ಯಾಯರೊಬ್ಬರೇ. ಅವರು ವರ್ಗವಾಗಿ ಹೋದರೆ ಹೊಸಬರು ಮೊದಲಿನಿಂದ ಎಲ್ಲವನ್ನೂ ಅರಿಯಬೇಕು. ಆದುದರಿಂದ ಕುಗ್ರಾಮದ ಶಾಲೆಗೆ ನೆರವಾಗಬಯಸುವವರು ಕೊಠಡಿಯೊಂದಿಗೆ ಉಪಾಧ್ಯಾಯರ ವಾಸಕ್ಕೊಂದು ಮನೆಯನ್ನೂ ಕಟ್ಟಿಸಿಕೊಡುವುದು ಯೋಗ್ಯ. ಊರಿನ ಹಳೆಯ ವಿದ್ಯಾರ್ಥಿಗಳು ಉಪಾಧ್ಯಾಯರಿಲ್ಲದ ದಿನ ಒಂದು ಗುಂಪಿನೊಡನೆ ಕುಳಿತು ಓದಿಸಿದರೂ ಅದು ಚಿಕ್ಕ ಸೇವೆಯಲ್ಲ. ಗುರುವು ಊರಿನಲ್ಲಿ ನಾಲ್ಕಾರು ವರ್ಷ ನೆಲೆ ನಿಂತರೆ, 160 ಗಂಟೆಗಳಲ್ಲಿ ಆಗದೆಂದು ತೋರಿದ ಕಾರ್ಯವೂ ಬಹುಪಾಲು ನೆರವೇರುತ್ತದೆ.