ನಾಯಿಯ ಕಿವಿಯ ಆರೈಕೆ

ಮುಂಬಯಿಯ ಹೊಟೇಲುಗಳ ಹಿಂಬಾಗಿಲಲ್ಲಿ ಒಂದೆರಡು ನಾಯಿಗಳಿರುವುದು ಸಾಮಾನ್ಯ. ಉಳಿದ ಅನ್ನ, ಇಡ್ಲಿಗಳನ್ನು ತಿಂದು ರಾತ್ರಿ ಕಾವಲು ಕಾಯುವ ಇವುಗಳನ್ನು ಹೆಸರಿಟ್ಟು ಕರೆಯುವವರು ಹಲವರು; ಕಿವಿಯೊಳಗೆ ಇಣುಕಿ ನೋಡುವವರು ವಿರಳ. ಚಾಳಿನಲ್ಲಿ ಸಾಕಿದ ನಾಯಿಯ ಪಾಡೂ ಬಹುಮಟ್ಟಿಗೆ ಇದೇ. ಕಿವಿ ಸೋರಿ ದುರ್ವಾಸನೆ ಹೊರಟ ಮೇಲೆಯೇ ಅದು ನಮ್ಮ ಗಮನಕ್ಕೆ ಬರುವುದು. ಆಗ ಅದಕ್ಕೆ ಔಷಧಿಗಿಂತ ಮೊದಲು ಬೈಗುಳ ದೊರೆಯುತ್ತದೆ.

ಮನುಷ್ಯನಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ನಾದ ಕೇಳಿಸಿದರೆ, ನಾಯಿಗೆ ಸುಮಾರು 45,000 ಕಂಪನಗಳವರೆಗೂ ಕೇಳಿಸುತ್ತದೆ. ಇಷ್ಟು ಸೂಕ್ಷ್ಮವಾದ ಈ ಇಂದ್ರಿಯದ ರಚನೆಯಲ್ಲಿಯೇ ಒಂದು ತೊಡಕಿದೆ. ನಮ್ಮ ಕಿವಿಯ ನಾಳ ಬಹುತೇಕ ನೇರ; ನಾಯಿಯದು ಮೊದಲು ಕೆಳಗಿಳಿದು ಬಳಿಕ ಒಳಕ್ಕೆ ತಿರುಗುತ್ತದೆ, ಗೋಡೆಯ ಗುಂಟ ಇಳಿದು ಮೂಲೆಯಲ್ಲಿ ತಿರುಗುವ ಮೋರಿಯ ಕೊಳವೆಯಂತೆ. ಆ ತಿರುವಿನಲ್ಲಿ ಗುಗ್ಗೆಯೂ ನೀರೂ ತಂಗಿದರೆ ಬೆಚ್ಚಗಿನ ತೇವದಲ್ಲಿ ರೋಗಾಣುಗಳು ಬೆಳೆಯುತ್ತವೆ. ಮಳೆಗಾಲದಲ್ಲಿ ಈ ಭಯ ಹೆಚ್ಚು. ಕಾಕರ್ ಸ್ಪ್ಯಾನಿಯಲ್‌ನಂತಹ ಜೋಲುಕಿವಿಯ ನಾಯಿಗಳಿಗೆ ಕಿವಿಯೊಳಗೆ ಗಾಳಿಯೂ ಸರಿಯಾಗಿ ಆಡದು. ನಮ್ಮ ಮುಧೋಳದ ನಾಯಿಯ ಕಿವಿಯೂ ಜೋಲುವಂತಹದೇ. ಕಿವಿ ಪದೇಪದೇ ಕೆಡುತ್ತಿದ್ದರೆ ಚರ್ಮದ ಅಲರ್ಜಿಯೇ ಮೂಲವಾಗಿರುವುದುಂಟು.

ಆರೋಗ್ಯವಾದ ಕಿವಿಗೆ ದುರ್ವಾಸನೆಯಿಲ್ಲ, ಒಳಗೆ ಕೆಂಪಿಲ್ಲ. ತುಸು ಗುಗ್ಗೆಯಿದ್ದರೆ ದೋಷವೂ ಇಲ್ಲ. ನಾಯಿ ತಲೆ ಕೊಡವುತ್ತಲೇ ಇದ್ದರೆ, ಕಿವಿಯನ್ನು ನೆಲಕ್ಕೆ ಉಜ್ಜಿದರೆ, ತಲೆಯನ್ನು ಒಂದೇ ಪಕ್ಕಕ್ಕೆ ವಾಲಿಸಿದರೆ ತಡಮಾಡಲಾಗದು. ಸೋಸಿ ಉಳಿದ ಕಾಫಿಪುಡಿಯ ಚರಟದಂತಹ ಕಪ್ಪು ಕೊಳೆ ಕಂಡರೆ ಅದು ಕಿವಿನುಸಿಯ ಲಕ್ಷಣವಾಗಿರಬಹುದು. ತಲೆ ಕೊಡವಿ ಕೊಡವಿ ಕಿವಿಯ ಹಾಳೆಯೊಳಗೆ ರಕ್ತ ತುಂಬಿ ಅದು ಉಬ್ಬುವುದೂ ಉಂಟು. ಬೀದಿನಾಯಿಯ ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದ್ದರೆ ಗಾಯವೆಂದು ತಿಳಿಯಬೇಡಿರಿ. ಅದು ಸಾಮಾನ್ಯವಾಗಿ ಸಂತಾನಹರಣ ಶಸ್ತ್ರಕ್ರಿಯೆಯಾದುದರ ಚಿಹ್ನೆ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವ ರೂಢಿ ನಮ್ಮ ಮನೆಗಳಲ್ಲಿದೆ. ಅದನ್ನು ನಾಯಿಗೆ ಮಾಡಕೂಡದು. ಸೀಮೆಎಣ್ಣೆ, ಹೈಡ್ರೊಜನ್ ಪೆರಾಕ್ಸೈಡ್, ನಮಗಾಗಿ ತಂದ ಕಿವಿಯ ಔಷಧಿ, ಇವಾವುವೂ ಸಲ್ಲವು. ಕಿವಿತಮಟೆ ಹರಿದಿದ್ದರೆ ಕೆಲವು ಔಷಧಿಗಳಿಂದ ಶ್ರವಣಶಕ್ತಿಯೇ ಹೋಗಬಹುದು. ಕಡ್ಡಿಗೆ ಹತ್ತಿ ಸುತ್ತಿ ತಿರುವಿದರೆ ಕೊಳೆ ಹೊರಬರುವ ಬದಲು ಇನ್ನೂ ಒಳಕ್ಕೆ ಸರಿಯುತ್ತದೆ.

ಶುಚಿಗೊಳಿಸುವ ಕ್ರಮ ಸರಳವಾದುದು. ಪಶುವೈದ್ಯರು ಹೇಳಿದ ಕಿವಿದ್ರಾವಣವನ್ನು ತರಬೇಕು. ಒಬ್ಬರು ನಾಯಿಯನ್ನು ಮೆಲ್ಲನೆ ಹಿಡಿದಿರಲಿ. ಇನ್ನೊಬ್ಬರು ಕಿವಿಯನ್ನು ಮೇಲಕ್ಕೆತ್ತಿ, ಸೀಸೆಯ ಮೂತಿ ತಾಗದಂತೆ ದ್ರಾವಣವನ್ನು ಬಿಡಲಿ. ಕಿವಿಯ ಬುಡವನ್ನು ಅರ್ಧ ನಿಮಿಷ ಮೃದುವಾಗಿ ತಿಕ್ಕಿದರೆ ಒಳಗಿನ ಕೊಳೆ ಸಡಿಲವಾಗುತ್ತದೆ. ಆಮೇಲೆ ಕೈಬಿಡಿರಿ, ನಾಯಿ ತಾನೇ ತಲೆ ಕೊಡವಿ ಕೊಳೆಯನ್ನು ಮೇಲಕ್ಕೆ ತರುತ್ತದೆ. ಕಣ್ಣಿಗೆ ಕಾಣುವಷ್ಟನ್ನು ಮಾತ್ರ ಹತ್ತಿಯಿಂದ ಒರೆಸಿದರೆ ಸಾಕು. ವಾರಕ್ಕೊಮ್ಮೆ ನೋಡುವುದು ಒಳ್ಳೆಯದು. ಆದರೆ ನೋಡಿದಾಗಲೆಲ್ಲ ತೊಳೆಯುವುದು ಬೇಡ, ಅತಿಯಾದ ತೊಳೆತವೂ ಚರ್ಮವನ್ನು ಕೆರಳಿಸುತ್ತದೆ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈತೊಳೆಯದೆ ಅಡಿಗೆಮನೆಯನ್ನು ಹೊಗಬಾರದು.

ಕಿವಿ ನೋಯುವ ನಾಯಿ ಎಷ್ಟು ಸಾಧುವಾದರೂ ಕಚ್ಚೀತು. ಪರಿಚಯವಿಲ್ಲದ ನಾಯಿಯನ್ನಾಗಲಿ, ಕೀವು ಸೋರುವ ಅಥವಾ ಹುಳುಬಿದ್ದ ಕಿವಿಯನ್ನಾಗಲಿ ಮುಟ್ಟದೆ ವೈದ್ಯರಿಗೆ ಒಪ್ಪಿಸಬೇಕು. ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದನ್ನು ತೆಗೆದುಕೊಳ್ಳತಕ್ಕದ್ದು. ನಾಯಿಯ ಚಿಕಿತ್ಸೆಗೆ ಮುಂಬಯಿಯಲ್ಲಿರುವವರಿಗೆ ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪಶು ಆಸ್ಪತ್ರೆಯಿದೆ. 1880ರ ದಶಕದಲ್ಲಿ ಸ್ಥಾಪಿತವಾದ ಸಂಸ್ಥೆಯದು.

ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಹೊಟೇಲಿನ ನಾಯಿಯ ವಿಷಯದಲ್ಲಿ ನಾವೂ ಹಾಗೆಯೇ ನಡೆದುಕೊಳ್ಳುತ್ತೇವೆ. ಯಜಮಾನರು ಮಾಣಿಗೆ, ಮಾಣಿ ಕ್ಲೀನರಿಗೆ ಹೇಳುವಷ್ಟರಲ್ಲಿ ವಾರ ಕಳೆದು ಕಿವಿ ಕೊಳೆತಿರುತ್ತದೆ. ಎಲ್ಲರ ನಾಯಿಯೆಂದರೆ ಯಾರ ನಾಯಿಯೂ ಅಲ್ಲವೆಂದಾಗಬಾರದು. ಪ್ರತಿ ಹೊಟೇಲಿನಲ್ಲಿಯೂ ಅದರ ಪರಿಚಯವುಳ್ಳ ಒಬ್ಬರು ಈ ಹೊಣೆಯನ್ನು ವಹಿಸಿಕೊಳ್ಳಲಿ. ವೈದ್ಯರ ಖರ್ಚನ್ನು ಯಜಮಾನರು ಕೊಡಲಿ. ರಾತ್ರಿ ನಮ್ಮ ಬಾಗಿಲಲ್ಲಿ ಸಣ್ಣ ಸಪ್ಪಳಕ್ಕೂ ನಿಮಿರುವ ಕಿವಿಗೆ ಇಷ್ಟು ವೆಚ್ಚ ಹೆಚ್ಚಿನದಲ್ಲ.